ಒಣಗುವ ಕಡೆ, ಒಣಗದ ಕಡೆ

ಮಿಕ್ಕ ಒಂದು ದಿನವನ್ನು ನಾನು ಅಪ್ಪನಿಗೂ ಕೊಟ್ಟುಬಿಟ್ಟಿದ್ದೆ, ಅಮ್ಮನಿಗೂ ಕೊಟ್ಟುಬಿಟ್ಟಿದ್ದೆ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಬಾಯಿಬಿಟ್ಟು ಹೇಳಿರಲಿಲ್ಲ, ಬರೀ ತಲೆಯಾಡಿಸಿದ್ದೆ ಅನ್ನುವುದೊಂದೇ ಸಮಾಧಾನ. ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಆದರೆ ಆ ದಿನ ನನಗೇ ಬೇಕಾಗಿತ್ತು. ಇದನ್ನು ನನಗೆ ನಾನೇ ಹೇಳಿಕೊಳ್ಳುವುದಕ್ಕೂ ಎಷ್ಟು ಸಂಕೋಚವೆಂದರೆ, ಡೈರಿಯಲ್ಲಿ ಕೂಡ ‘ಆ ಮೂರನೇ ಕಡೆಗೆ ಹೋದರೆ ಚೆನ್ನಾಗಿರುತ್ತದೆ’ ಎಂದು ಬರೆದಿದ್ದೆನೇ ಹೊರತು, ಯಾರಿಗೆ ಚೆನ್ನಾಗಿರುತ್ತದೆ ಎಂದು ಬರೆದಿರಲಿಲ್ಲ.

ನಮ್ಮದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಬಟ್ಟೆ ಒಣಹಾಕುವ ತಾರಸಿ. ತಾರಸಿ ಅಪ್ಪನದು. ವರ್ಷವಿಡೀ ಅವರು ಮೋಡದ ಜೊತೆ ಜಗಳವಾಡುತ್ತಾರೆ; ಒಂದು ಹನಿ ಬಿದ್ದರೆ ಸಾಕು, ಊಟದ ತಟ್ಟೆ ಬಿಟ್ಟು ಮೆಟ್ಟಿಲು ಹತ್ತಿ ಓಡುತ್ತಾರೆ. ಇಸ್ತ್ರಿ ಮೇಜು ಅಮ್ಮನದು. ಬಾಯ್ಲರಿನಿಂದ ಬರುವ ಹಬೆಯ ಕೊಳವೆ ಅವಳ ಮೊಣಕೈ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲಿ ಬೆಳಗಿಂದ ಸಂಜೆಯವರೆಗೆ ನಿಂತು ನಿಂತು ಅವಳ ಮುಖ ಯಾವಾಗಲೂ ಈಗಷ್ಟೇ ಯಾರನ್ನೋ ಬೈದು ಬಂದವಳ ಹಾಗೆ ಕೆಂಪಾಗಿರುತ್ತದೆ. ಗಂಜಿಯ ಕೆಲಸ ಅತ್ತೆಯದು, ಅಂದರೆ ಅಪ್ಪನ ಅಕ್ಕ. ಕಾಲರು, ತೋಳಿನ ಪಟ್ಟಿ, ಹೋಟೆಲಿನ ಕರವಸ್ತ್ರ ಎಲ್ಲಕ್ಕೂ ಗಂಜಿ ಹಾಕಿ ಹಾಕಿ ಅವರ ಬೆನ್ನು, ಮಾತು ಎರಡೂ ನೆಟ್ಟಗಾಗಿವೆ. ಬೀದಿಯವರೆಲ್ಲ ಅವರನ್ನು ಕರೆಯುವುದೇ ಗಂಜಿ ಅತ್ತೆ ಎಂದು.

ಕೌಂಟರು ನನ್ನದು. ಭೂವಿಜ್ಞಾನದ ಪದವಿ ಮುಗಿಸಿ ಬಂದ ಮೇಲೆ ‘ಸ್ವಲ್ಪ ದಿನ ಕೂತಿರು’ ಎಂದು ಕೂರಿಸಿದ್ದರು, ಕೂತೇ ಇದ್ದೇನೆ. ನಮ್ಮ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿದೆ. ಬಟ್ಟೆ ಯಾವಾಗ ಸಿಗುತ್ತದೆ ಎಂದು ಕೌಂಟರಿನಲ್ಲಿ ಕೂತವರು ಹೇಳಿದರೆ ಮುಗಿಯಿತು. ಒಳಗಿರುವವರು, ಅಪ್ಪನೇ ಆಗಲಿ, ಅದನ್ನು ಬದಲಿಸುವ ಹಾಗಿಲ್ಲ. ‘ನಾಳೆ ಸಂಜೆ’ ಅಂದರೆ ನಾಳೆ ಸಂಜೆ. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ ನನ್ನ ಮಾತಿಗೇ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ. ವಿಚಿತ್ರವೆಂದರೆ ಆ ಮಾತು ಒಂದು ದಿನವೂ ನನ್ನದಾಗಿರಲಿಲ್ಲ. ತಾರಸಿಯ ಬಿಸಿಲು ನೋಡಿ, ಅಮ್ಮನ ಮೇಜಿನ ಮೇಲಿನ ರಾಶಿ ನೋಡಿ, ಅತ್ತೆಯ ಹುಬ್ಬು ನೋಡಿ ಲೆಕ್ಕ ಹಾಕಿ ಹೇಳುತ್ತಿದ್ದೆ. ಎಲ್ಲರ ಅನುಕೂಲ ಕೂಡಿಸಿ ಕಳೆದರೆ ಬರುವ ಉತ್ತರ, ಅಷ್ಟೇ.

ಹಳೇ ಬಾಯ್ಲರ್ ಕೈಕೊಟ್ಟಿತು. ಹೊಸದನ್ನು ಕೂರಿಸುವ ತನಕ ಅಂಗಡಿಗೆ ಬೀಗ. ನನಗೆ ನೆನಪಿರುವ ಹಾಗೆ ನಮ್ಮ ಮನೆಗೆ ಬಂದ ಮೊದಲ ರಜೆ ಅದು. ಯಾವುದೋ ಗಿರಾಕಿಯ ಕೋಟಿನ ಜೇಬಿನಲ್ಲಿ ಸಿಕ್ಕಿದ್ದ, ಅವನೇ ‘ಇಟ್ಕೊಳ್ಳಿ’ ಅಂದಿದ್ದ ಪ್ರವಾಸಿ ನಕ್ಷೆಯ ಬಣ್ಣದ ಹಾಳೆಯೊಂದನ್ನು ಅಪ್ಪ ಇಸ್ತ್ರಿ ಮೇಜಿನ ಮೇಲೆ ಹರಡಿದರು. ಸಮುದ್ರದ ನಡುವೆ ಒಂದು ದ್ವೀಪ, ದ್ವೀಪದ ನಡುವೆ ಒಂದು ಜ್ವಾಲಾಮುಖಿ ಬೆಟ್ಟ. ಬೆಟ್ಟದ ಒಂದು ಮಗ್ಗುಲು ಹಳದಿ, ಇನ್ನೊಂದು ಮಗ್ಗುಲು ಹಸಿರು.

ಅಪ್ಪನ ಬೆರಳು ಹಳದಿಯ ಮೇಲೆ ಬಿತ್ತು, ಅಮ್ಮನದು ಹಸಿರಿನ ಮೇಲೆ.

“ಮಳೆ ನೋಡೋಕೆ ಅಷ್ಟು ದೂರ ಹೋಗ್ಬೇಕೇನೇ?” ಅಂದರು ಅಪ್ಪ. “ಮೋಡ ನೋಡೀ ನೋಡೀ ನನ್ನ ಕತ್ತು ಮೇಲಕ್ಕೇ ನೆಟ್ಟುಬಿಟ್ಟಿದೆ. ಈ ಕಡೆ ನೋಡು, ವರ್ಷಪೂರ್ತಿ ಬಿಸಿಲಂತೆ!”

“ಬೇಯೋದಕ್ಕೇ ಹೋಗೋದಾದ್ರೆ ನಾನು ಈ ಮೇಜಿನ ಪಕ್ಕಾನೇ ನಿಂತಿರ್ತೀನಿ ಬಿಡಿ. ಏನು ವ್ಯತ್ಯಾಸ?” ಅಂದಳು ಅಮ್ಮ. “ನನಗೆ ಕಾಲು ತಣ್ಣಗಾಗಬೇಕು. ಒಂದೇ ಒಂದ್ಸಲ, ಬೆರಳ ತುದಿ ತನಕ.”

“ನಿಮ್ಮಿಬ್ಬರ ಮಧ್ಯೆ ಅಷ್ಟು ದೊಡ್ಡ ಬೆಟ್ಟ ಇರೋದೇ ಒಳ್ಳೇದು” ಎಂದು ಅತ್ತೆ ತೀರ್ಪು ಕೊಟ್ಟು ನನ್ನ ಕಡೆ ತಿರುಗಿದರು. “ಕೌಂಟರು ಏನನ್ನುತ್ತೆ? ದಿನ ಹಂಚು ನೋಡೋಣ.”

ಹಾಳೆಯ ಕೆಳಗಿನ ಮೂಲೆಯಲ್ಲಿ, ಬೆಟ್ಟದ ಬೆನ್ನಿಗೆ, ಒಂದು ಕಪ್ಪು ಪಟ್ಟಿ ಇತ್ತು. ಶಾಯಿ ಚೆಲ್ಲಿದ ಹಾಗೆ. ಲಾವಾ ಹರಿದು ಸಮುದ್ರಕ್ಕೆ ಇಳಿದು ಹೊಸ ನೆಲವಾದ ಜಾಗ. ಕಾಲೇಜಿನಲ್ಲಿ ಅಂಥದ್ದರ ಚಿತ್ರಗಳನ್ನು ನೋಡಿದ್ದೆ. ಪರೀಕ್ಷೆಯಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬರೆದು ಶಭಾಸ್ ಅನ್ನಿಸಿಕೊಂಡಿದ್ದೆ. ಆದರೆ ಅಂಥ ಒಂದು ಕಲ್ಲನ್ನೂ ಕೈಯಲ್ಲಿ ಮುಟ್ಟಿರಲಿಲ್ಲ. ಯಾರ ಬೆರಳೂ ಆ ಮೂಲೆಗೆ ಹೋಗಲಿಲ್ಲ. ನನ್ನ ಬೆರಳು ಮೇಜಿನ ಕೆಳಗೆ ಲಂಗದ ಅಂಚನ್ನು ತಿರುಚುತ್ತಿತ್ತು.

“ಅರ್ಧ ಅರ್ಧ” ಅಂದೆ.

ಹಂಚಿದರೆ ಒಂದು ದಿನ ಮಿಕ್ಕಿತು. ಸಂಜೆ ತಾರಸಿಯಲ್ಲಿ ಕ್ಲಿಪ್ಪು ಆರಿಸುವಾಗ ಅಪ್ಪ ಪಕ್ಕಕ್ಕೆ ಬಂದು, “ಆ ಮಿಕ್ಕಿದ್ದು ಬಿಸಿಲಿನ ಕಡೆಗೇ ಅಲ್ವಾ ಮಗಳೇ?” ಎಂದು ಕಣ್ಣು ಮಿಟುಕಿಸಿದರು. ತಲೆಯಾಡಿಸಿದೆ. ರಾತ್ರಿ ಪಾತ್ರೆ ಒರೆಸುವಾಗ ಅಮ್ಮ, “ಆ ಒಂದು ದಿನ ನನ್ನ ಕಡೆಗಿರಲಿ ಕಣೇ, ನಿಮ್ಮಪ್ಪನಿಗೆ ಈಗಲೇ ಹೇಳ್ಬೇಡ” ಅಂದಳು. ಅದಕ್ಕೂ ಆಡಿಸಿದೆ. ನನ್ನ ಕತ್ತಿಗೆ ಗಂಜಿ ಹಾಕಿಸಬೇಕಿತ್ತು.

ವ್ಯಾನು ಓಡಿಸುವ ಕೆಲಸವೂ ನನಗೇ ಬಂತು. ಲಾಡ್ಜುಗಳಿಗೆ ಹಾಸಿಗೆ ಬಟ್ಟೆ ತಲುಪಿಸುತ್ತಾ ಕಲಿತಿದ್ದೆ. “ವರ್ಷವೆಲ್ಲಾ ಸ್ಟೀರಿಂಗ್ ಹಿಡ್ದಿದ್ದೀನಿ, ರಜದಲ್ಲಿ ಮುಟ್ಟಲ್ಲ” ಎಂದು ಅಪ್ಪ ಘೋಷಿಸಿ, ದ್ವೀಪದಲ್ಲಿ ಬಾಡಿಗೆಗೆ ತೆಗೆದ ವ್ಯಾನಿನ ಹಿಂದಿನ ಸೀಟಿನಲ್ಲಿ ದೊಡ್ಡ ಮನುಷ್ಯರ ಹಾಗೆ ಕಾಲು ಚಾಚಿ ಕೂತರು. ಹಾಗೆ ಕೂತು ಪ್ರತಿ ತಿರುವಿನಲ್ಲೂ ಕಾಣದ ಬ್ರೇಕನ್ನು ತುಳಿಯುತ್ತಿದ್ದರು.

ಮೊದಲು ಬಿಸಿಲಿನ ಕಡೆ. ಸುಣ್ಣ ಬಳಿದ ಗೋಡೆಯ ಅತಿಥಿಗೃಹ, ಸುತ್ತ ಒಣ ಹುಲ್ಲು, ಬಾಗಿಲು ತೆಗೆದರೆ ಸಮುದ್ರ. ಅಪ್ಪ ಸಮುದ್ರ ನೋಡಲಿಲ್ಲ. ಅಂಗಳದಲ್ಲಿ ಕಟ್ಟಿದ್ದ ಹಗ್ಗ ನೋಡಿದರು. ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು ಗಾಳಿಯ ದಿಕ್ಕು ನೋಡಿದರು. ಮರುದಿನ ನಾವು ಏಳುವ ಹೊತ್ತಿಗೆ ನಮ್ಮೆಲ್ಲರ ಬಟ್ಟೆ ಒಗೆದು ಒಣಗಿ ಮಡಿಕೆಯಾಗಿತ್ತು. ಅದರ ಮರುದಿನ ಮನೆಯೊಡತಿಯ ಪರದೆಗಳು ಹಗ್ಗ ಏರಿದವು. ಆಮೇಲೆ ಪಕ್ಕದ ಕೋಣೆಯವರ ಟವೆಲುಗಳು.

“ನೀವು ರಜಕ್ಕೆ ಬಂದಿದ್ದೀರೋ, ಕೆಲಸಕ್ಕೆ ಬಂದಿದ್ದೀರೋ?” ಎಂದು ಮನೆಯೊಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

“ಇಂಥಾ ಗಾಳಿ ಸುಮ್ಮನೆ ಹಾದುಹೋಗ್ತಾ ಇದೆಯಲ್ಲಮ್ಮಾ” ಅಂದರು ಅಪ್ಪ, ಎದೆಯ ಮೇಲೆ ಕೈಯಿಟ್ಟು. “ನೋಡಿದ್ರೆ ಹೊಟ್ಟೆ ಉರಿಯುತ್ತೆ.”

ಅವಳು ಒಳಗೆ ಹೋಗಿ, ದಿಂಬಿನ ಚೀಲಗಳನ್ನೂ ತಂದುಕೊಟ್ಟಳು.

ಇಲ್ಲೇಕೆ ಮಳೆಯಿಲ್ಲ ಎಂದು ಅಪ್ಪ ಕೇಳಿದಾಗ ಮಾತ್ರ ನಾನು ಬಾಯಿ ತೆರೆದೆ. “ಗಾಳಿ ಆ ಕಡೆಯಿಂದ ಬರುತ್ತೆ ಅಪ್ಪಾ. ಬೆಟ್ಟ ಏರುವಾಗ ಮೋಡ ತನ್ನ ನೀರೆಲ್ಲಾ ಅಲ್ಲೇ ಹಿಂಡಿಕೊಂಡುಬಿಡುತ್ತೆ. ಈ ಕಡೆ ಇಳಿಯೋ ಹೊತ್ತಿಗೆ ಒಣಗಿರುತ್ತೆ.” ಅಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ, ಸಂಜೆಯೊಳಗೆ ಅತಿಥಿಗೃಹದ ಎಲ್ಲರಿಗೂ ತಾವೇ ಕಂಡುಹಿಡಿದವರ ಹಾಗೆ ಹೇಳಿ ಬಂದರು. ಅಮ್ಮ ಅಷ್ಟೂ ದಿನ ಗೋಡೆಯ ನೆರಳಿನ ಜೊತೆ ಕುರ್ಚಿ ಸರಿಸುತ್ತಾ, ಕತ್ತು ಒರೆಸಿಕೊಳ್ಳುತ್ತಾ, ಬೆಟ್ಟದ ತುದಿಯ ಮೋಡವನ್ನು ತವರಿನ ದಾರಿ ನೋಡುವ ಹಾಗೆ ನೋಡಿದಳು.

ಆಮೇಲೆ ಅವಳ ಪಾಳಿ. ಬೆಟ್ಟ ದಾಟುತ್ತಿದ್ದ ಹಾಗೆ ವ್ಯಾನಿನ ಗಾಜು ಮಂಜಾಯಿತು. ಮರದ ಮನೆ, ತಗಡಿನ ಮಾಡು, ಕಿಟಕಿಯೊಳಗೇ ತಲೆ ಹಾಕುವ ಜರೀಗಿಡಗಳು. ಅಮ್ಮ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟವಳು ಮತ್ತೆ ಹಾಕಿಕೊಳ್ಳಲೇ ಇಲ್ಲ. ಹಿತ್ತಿಲ ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅವಳ ಕೆನ್ನೆಯ ಕೆಂಪು ಇಳಿದು, ಒಳಗಿಂದ ನನಗೆ ಗೊತ್ತೇ ಇರದ ಮುಖವೊಂದು ಹೊರಬಂತು. ಚಿಕ್ಕ ವಯಸ್ಸಿನದು.

“ಇಲ್ಲಿ ಯಾವ ಬಟ್ಟೆಗೂ ಇಸ್ತ್ರಿ ನಿಲ್ಲಲ್ಲ” ಅಂದಳು, ಮುದುರಿದ ತನ್ನ ತೋಳನ್ನು ಹೆಮ್ಮೆಯಿಂದ ತೋರಿಸಿ. “ಎಂಥಾ ಸುಖ!”

ಅಪ್ಪ ಮಾತ್ರ ಒಂದು ಟವೆಲು ಹಿಡಿದು ಮನೆಯೆಲ್ಲಾ ಸುತ್ತುತ್ತಿದ್ದರು. ಕಿಟಕಿಗೆ ಹಾಕಿ ನೋಡಿದರು, ಒಲೆಯ ಮೇಲೆ ಹಿಡಿದು ನೋಡಿದರು, ಕಡೆಗೆ ಹಾಸಿಗೆಯಡಿ ಇಟ್ಟು ಅದರ ಮೇಲೆ ಮಲಗಿಯೂ ನೋಡಿದರು. “ಮೊನ್ನೆಯಿಂದ ಒದ್ದೆ! ಮೊನ್ನೆಯಿಂದ!” ಎಂದು ಮನೆಯಲ್ಲಿ ಯಾರಿಗೋ ಜ್ವರ ಬಿಡುತ್ತಿಲ್ಲ ಅನ್ನುವ ಧಾಟಿಯಲ್ಲಿ ಹೇಳುತ್ತಿದ್ದರು.

“ನಿನ್ನ ಟವೆಲು ಹಾಳಾಗಲಿ, ನನ್ನ ಕಾಲರ್ ನೋಡಪ್ಪಾ” ಅಂದರು ಅತ್ತೆ. “ನೆನೆದ ಬ್ರೆಡ್ಡಿನ ಹಾಗಾಗಿದೆ. ಇದನ್ನ ಹಾಕ್ಕೊಂಡು ಯಾರನ್ನ ಹೆದರಿಸಲಿ?”

ಹೀಗೆ ಎರಡೂ ಪಾಲು ಮುಗಿದು ಮಿಕ್ಕ ದಿನ ಬಂತು.

ಬೆಳಿಗ್ಗೆ ಅಪ್ಪ ಒದ್ದೆ ಟವೆಲನ್ನು ನೀಟಾಗಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ವ್ಯಾನು ಹತ್ತಿದರು. ಬಿಸಿಲಿನ ಕಡೆಯ ಹಗ್ಗ ಅವರಿಗೆ ಆಗಲೇ ಕಾಣುತ್ತಿತ್ತು. ಅಮ್ಮ ಮಳೆಕೋಟು ತೊಟ್ಟು ಬಂದಳು. ಮೇಲಿನ ಕಾಡಿನಲ್ಲಿ ದೊಡ್ಡ ಜಲಪಾತವಿದೆ ಎಂದು ಯಾರೋ ಹೇಳಿದ್ದರು. ಹಿಂದಿನ ಸೀಟಿನಿಂದ ಅಪ್ಪ ಕನ್ನಡಿಯಲ್ಲಿ ನನಗೆ ಕಣ್ಣು ಮಿಟುಕಿಸಿದರು. ಪಕ್ಕದ ಸೀಟಿನಿಂದ ಅಮ್ಮ ಮೆಲ್ಲಗೆ ನನ್ನ ಮೊಣಕೈ ಚಿವುಟಿದಳು.

ಬೆಟ್ಟದ ಹೆಗಲಿನ ಮೇಲೆ ರಸ್ತೆ ಮೂರಾಗುತ್ತದೆ. ಎಡಕ್ಕೆ ಬಿಸಿಲಿನ ಕಡೆ, ಬಲಕ್ಕೆ ಜಲಪಾತ. ನೇರವಾಗಿ ಒಂದು ಕಿರಿದಾದ ರಸ್ತೆ, ಪಕ್ಕದಲ್ಲಿ ತುಕ್ಕು ಹಿಡಿದ ಫಲಕ.

“ಎಡಕ್ಕೆ ಮಗಳೇ” ಅಂದರು ಅಪ್ಪ.

“ಬಲಕ್ಕೆ ತಿರುಗಿಸೇ” ಅಂದಳು ಅಮ್ಮ.

ಇಬ್ಬರೂ ಒಟ್ಟಿಗೆ ತಲೆ ತಿರುಗಿಸಿ ಒಬ್ಬರನ್ನೊಬ್ಬರು ನೋಡಿದರು.

“ಎಡಕ್ಕೆ ಯಾಕ್ರೀ?”

“ಬಲಕ್ಕೆ ಏನಿದೆಯೇ ನಿನಗೆ? ಈ ದಿನ ನಂದು ಅಂತ ಕೌಂಟರು ಒಪ್ಪಿದೆ!”

“ನನ್ನ ಹತ್ರ ಒಪ್ಪಿದ್ದು!”

“ಶುರುವಾಯ್ತು” ಅಂದರು ಅತ್ತೆ.

ಎಡ, ಬಲ ಎಂದು ಇಬ್ಬರೂ ಕೂಗುತ್ತಿದ್ದಾಗ ಕವಲು ಎದುರಿಗೇ ಬಂತು. ನನ್ನ ಕೈ ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ. ಕಾಲು ಮಾತ್ರ ಒತ್ತಿತು. ವ್ಯಾನು ಫಲಕ ದಾಟಿ ನೇರವಾಗಿ ಇಳಿಯಿತು.



“ತಪ್ಪಿತು!” ಅಂದರು ಅಪ್ಪ.

“ನಿಮ್ಮ ಕೂಗಾಟಕ್ಕೆ ಮಗು ಗಾಬರಿಯಾಯ್ತು” ಅಂದಳು ಅಮ್ಮ.

“ವ್ಯಾನು ತಿರುಗಿಸೇ” ಅಂದರು ಅತ್ತೆ.

“ಇಲ್ಲಿ ತಿರುಗಿಸೋಕೆ ಜಾಗ ಇಲ್ಲ ಅತ್ತೆ” ಅಂದೆ. ಅದು ನಿಜ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಆದರೆ ಮುಂದೆ ಎರಡು ಕಡೆ ಜಾಗ ಸಿಕ್ಕಿತು, ಎರಡೂ ಸಲ ನಾನು ಬಹಳ ಶ್ರದ್ಧೆಯಿಂದ ಇನ್ನೊಂದು ಕಡೆಗೆ ನೋಡುತ್ತಿದ್ದೆ.

ಮರಗಳು ಗಿಡವಾದವು, ಗಿಡಗಳು ಪೊದೆಯಾದವು. ಆಮೇಲೆ ಪೊದೆಯೂ ಇಲ್ಲ. ಒಂದು ತಿರುವು ಕಳೆದದ್ದೇ ಕಿಟಕಿಯ ಎರಡೂ ಕಡೆ ಕಪ್ಪು ಬಿಟ್ಟರೆ ಬೇರೆ ಬಣ್ಣವೇ ಉಳಿಯಲಿಲ್ಲ. ಆ ಕಪ್ಪಿನ ಕೊನೆಯಲ್ಲಿ ಸಮುದ್ರ ಬೆಳ್ಳಗೆ ಒಡೆಯುತ್ತಿತ್ತು. ಹಿಂದಿನ ಸೀಟಿನ ಗೊಣಗಾಟ ತಾನಾಗಿ ನಿಂತಿತು. ರಸ್ತೆಯೂ ಮುಗಿಯಿತು. ಅದರ ನಡುವಿನ ಬಿಳಿ ಗೆರೆ ಸೀದಾ ಹೋಗಿ, ಆಳೆತ್ತರದ ಕಲ್ಲಿನ ಅಡಿಗೆ ನುಗ್ಗಿ ಮಾಯವಾಗಿತ್ತು. ರಸ್ತೆಯ ಮೇಲೇ ಲಾವಾ ಹರಿದು ಗಟ್ಟಿಯಾಗಿತ್ತು. ಪಕ್ಕದಲ್ಲಿ ಕಬ್ಬಿಣದ ಕಂಬಿ ಹಾಕಿದ ಕಾಲುದಾರಿ.

ನಾನು ಇಂಜಿನ್ ಆರಿಸಿ ಯಾರನ್ನೂ ಕಾಯದೆ ಇಳಿದೆ.

ಕಾಲಡಿಯ ನೆಲ ಗಾಜಿನ ಹಾಗೆ ಕಿರುಗುಟ್ಟಿತು. ಬಗ್ಗಿ ಒಂದು ಕಲ್ಲು ಕೈಗೆತ್ತಿಕೊಂಡೆ. ಒರಟಾಗಿತ್ತು, ಬೆಚ್ಚಗಿತ್ತು, ಇಷ್ಟು ವರ್ಷ ಓದಿದ್ದಕ್ಕಿಂತ ಹಗುರವಾಗಿತ್ತು. ಎದೆಯೊಳಗೆ ಏನೋ ಒಂದು ಎದ್ದು ನಿಂತು ಚಪ್ಪಾಳೆ ತಟ್ಟಿದ ಹಾಗಾಯಿತು. ಹಿಂದೆ ಬಂದ ಅಪ್ಪ, ಹಗ್ಗದ ಹಾಗೆ ಹುರಿಹುರಿಯಾಗಿ ಸುತ್ತಿಕೊಂಡು ಗಟ್ಟಿಯಾಗಿದ್ದ ಲಾವಾದ ಮಡಿಕೆಗಳ ಮುಂದೆ ನಿಂತುಬಿಟ್ಟರು.

“ಇದು ಹಿಂಡಿಟ್ಟ ಚಾದರ” ಅಂದರು.

“ಹೌದು ಅಪ್ಪಾ!” ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಮೇಲಿನ ಪದರ ಮೊದಲು ಆರಿ ಚರ್ಮ ಕಟ್ಟುತ್ತೆ. ಕೆಳಗೆ ಇನ್ನೂ ಹರೀತಾನೇ ಇರುತ್ತೆ. ಅದು ಎಳೆಯೋವಾಗ ಇದು ಹೀಗೆ ನುಲಿದುಕೊಳ್ಳುತ್ತೆ.”

“ಯಾವ ಕಾಲದ್ದೋ ಏನೋ” ಅಂದಳು ಅಮ್ಮ.

“ಇಲ್ಲಮ್ಮ. ನಾನು ಹುಟ್ಟಿದಾಗ ಇಲ್ಲಿ ಸಮುದ್ರ ಇತ್ತು. ಈ ನೆಲ ನನಗಿಂತ ಚಿಕ್ಕದು.”

ಅತ್ತೆ ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಹಾಗಾದ್ರೆ ಇದಕ್ಕೆ ನೀನು ಅಕ್ಕ. ನೋಡ್ಕೋ, ಹೊಡೆದಾಡ್ಬೇಡಿ.”

ಕಾಲುದಾರಿ ಏರಿ ಸ್ವಲ್ಪ ದೂರ ಹೋದರೆ, ಕಂಬಿಯ ಆಚೆ, ನೆಲದ ಬಿರುಕುಗಳಿಂದ ಬೆಳ್ಳಗೆ ಏಳುತ್ತಿತ್ತು. ಮೊದಲು ನೋಡಿದವರು ಅಪ್ಪ. ಅವರ ಕೈಯಿಂದ ಟವೆಲು ಜಾರಿತು.

“ಹಬೆ!” ಎಂದು ಕೂಗಿದರು. “ಬಾಯ್ಲರು! ಏ, ಬಾಯ್ಲರು ಕಣೇ ಇದು!”

ಓಡಿ ಹೋಗಿ ಕಂಬಿ ಹಿಡಿದು ನಿಂತರು. ಅಂಗಡಿಯ ಬಾಯ್ಲರಿಗೆ ಕಿವಿ ಕೊಡುವ ಹಾಗೆಯೇ ತಲೆ ವಾಲಿಸಿ ಕೇಳಿಸಿಕೊಂಡರು. “ಒತ್ತಡ ಚೆನ್ನಾಗಿದೆ” ಅಂದರು ಗಂಭೀರವಾಗಿ. “ಇದಕ್ಕೆ ಉರಿ ಯಾರು ಹಾಕ್ತಾರೆ ಮಗಳೇ? ನೀರು ಎಲ್ಲಿಂದ?”

“ಮಳೆ ನೀರೇ ಅಪ್ಪಾ. ಬಿರುಕಲ್ಲಿ ಇಳಿದು, ಕೆಳಗಿನ ಬಿಸಿ ಕಲ್ಲಿಗೆ ತಾಗಿ ಮೇಲೆ ಬರುತ್ತೆ.”

“ನೋಡಿದ್ರಾ?” ಅಮ್ಮ ಗೆದ್ದವಳ ಹಾಗೆ ಕೈ ತಟ್ಟಿದಳು. “ನನ್ನ ಮಳೆ ಇಲ್ದೆ ನಿಮ್ಮ ಬಾಯ್ಲರು ಓಡಲ್ಲ!”

“ಬಿಸಿ ಇಲ್ದಿದ್ರೆ ನಿನ್ನ ಮಳೆ ಬರೀ ಕೆಸರು!”

ಗಾಳಿ ತಿರುಗಿ ಹಬೆ ಕಾಲುದಾರಿಯ ಮೇಲೇ ಬಂತು. ಅಷ್ಟು ಹೊತ್ತಿಗೆ ಅದರ ಕಾವು ಇಳಿದು ಹದವಾಗಿತ್ತು. ಅಮ್ಮ ಕೊರಳಿನ ಶಾಲು ತೆಗೆದು ಎರಡೂ ಕೈಯಲ್ಲಿ ಅದಕ್ಕೆ ಅಡ್ಡ ಹಿಡಿದಳು. ಮಳೆಯ ಕಡೆಯಿಂದ ಹೊತ್ತು ತಂದಿದ್ದ ಮುದುರೆಲ್ಲ ನಮ್ಮ ಕಣ್ಣೆದುರೇ ಒಂದೊಂದಾಗಿ ಬಿಟ್ಟುಕೊಂಡಿತು. ಇಸ್ತ್ರಿಪೆಟ್ಟಿಗೆ ಇಲ್ಲ, ಮೇಜಿಲ್ಲ, ಮೊಣಕೈ ಸುಡುವ ಕೊಳವೆಯಿಲ್ಲ; ಮುಖಕ್ಕೆ ತಣ್ಣನೆ ಸಮುದ್ರದ ಗಾಳಿ. ಅವಳು ಜೋರಾಗಿ ನಕ್ಕಳು. ಅಪ್ಪ ಟವೆಲನ್ನು ಬಿಸಿಯಾದ ಕಂಬಿಯ ಮೇಲೆ ಹರಡಿ, ತಿರುವಿ, ಕೆನ್ನೆಗೆ ಒತ್ತಿ ನೋಡಿ, “ಒಣಗಿತು!” ಎಂದು ದ್ವೀಪಕ್ಕೆಲ್ಲ ಕೇಳುವ ಹಾಗೆ ಸಾರಿದರು. ದೂರದಲ್ಲಿದ್ದ ಯಾರೋ ಇಬ್ಬರು ಪ್ರವಾಸಿಗರು ಏನೆಂದು ತಿಳಿಯದೆ ಕೈ ಬೀಸಿದರು.

“ಯಾರೋ ಮೊಟ್ಟೆ ಬೇಯಲು ಇಟ್ಟು ಮರೆತುಹೋಗಿದ್ದಾರೆ” ಎಂದು ಅತ್ತೆ ಮೂಗು ಮುಚ್ಚಿಕೊಂಡರು. ಆದರೂ ಕಾಲರನ್ನು ಹಬೆಗೆ ಹಿಡಿಯುವುದನ್ನು ಬಿಡಲಿಲ್ಲ.

ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಈ ಹಳದಿ ಪುಡಿ ಏನು, ಗಂಧಕ. ಈ ಬಿರುಕಿನಲ್ಲಿ ಜರೀಗಿಡ ಹೇಗೆ ಬಂತು, ಗಾಳಿಯಲ್ಲಿ ತೇಲಿ ಬಂತು. ಇನ್ನೂ ಬೆಳೆಯುತ್ತದಾ ಈ ದ್ವೀಪ? ಬೆಳೆಯುತ್ತದೆ. ನನ್ನ ಗಂಟಲು ಒಣಗಿತು. ಜೀವಮಾನದಲ್ಲಿ ಮಾತಾಡಿ ಗಂಟಲು ಒಣಗಿದ್ದು ಅದೇ ಮೊದಲು. ಅಪ್ಪ ನನ್ನ ಮುಂದೆ ಮುಂದೆ ನಡೆಯುವ ಬದಲು ಹಿಂದೆ ಹಿಂದೆ ಬರುತ್ತಿದ್ದರು.

ಕಪ್ಪು ನೆಲದ ಅಂಚಿನಲ್ಲಿ, ಸಮುದ್ರಕ್ಕೆ ಮುಖ ಮಾಡಿ ಕೂತು ಬ್ರೆಡ್ಡು, ಹಣ್ಣು ತಿಂದೆವು. ಅತ್ತೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು.

“ಎಂಥಾ ದಿನ!” ಅಂದರು ಅಪ್ಪ. “ಎಡಕ್ಕೆ ಹೋಗಿದ್ರೆ ಇದು ಸಿಗ್ತಿರಲಿಲ್ಲ.”

“ಬಲಕ್ಕೆ ಹೋಗಿದ್ರೂ ಸಿಗ್ತಿರಲಿಲ್ಲ” ಎಂದು ಅಮ್ಮ ಒಪ್ಪಿದಳು. ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದನ್ನು ನೋಡಿ ಅತ್ತೆ ಚಹಾ ಚೆಲ್ಲಿಕೊಂಡರು.

“ದಾರಿ ತಪ್ಪಿದ್ದೇ ಒಳ್ಳೇದಾಯ್ತು ನೋಡು” ಅಪ್ಪ ನನ್ನ ಬೆನ್ನು ಚಪ್ಪರಿಸಿದರು. “ಪಾಪ, ನಮ್ಮ ಗಲಾಟೆಗೆ ಕೈಕಾಲು ಆಡದೆ ನೇರ ಬಿಟ್ಟುಬಿಟ್ಟಳು. ನಮ್ಮ ಅದೃಷ್ಟ!”

“ಊರಿಗೆ ಹೋಗಿ ಎಲ್ಲರಿಗೂ ಹೇಳ್ಬೇಕು ಇದನ್ನ” ಅಂದಳು ಅಮ್ಮ. “ನಮ್ಮ ಹುಡುಗಿ ದಾರಿ ತಪ್ಪಿ ಎಲ್ಲಿಗೆ ಕರ್ಕೊಂಡು ಹೋದಳು ಗೊತ್ತಾ ಅಂತ.”

ಹೇಳುತ್ತಾರೆ. ಪ್ರತಿ ಗಿರಾಕಿಗೂ ಹೇಳುತ್ತಾರೆ. ನಾನು ಕೌಂಟರಿನಲ್ಲಿ ಕೂತು, ವರ್ಷಗಟ್ಟಲೆ, ಹೌದು ಹೌದು ಎಂದು ನಗುತ್ತಾ ಇರುತ್ತೇನೆ. ಯಾರಿಗೂ ಬೇಸರವಿಲ್ಲ, ಯಾರೂ ಸೋತಿಲ್ಲ, ಎಲ್ಲಾ ಚೆನ್ನಾಗಿಯೇ ಆಗಿದೆ. ತಲೆಯಾಡಿಸಿದರೆ ಮುಗಿಯಿತು. ಕತ್ತು ಆಗಲೇ ಬಗ್ಗುವುದಕ್ಕೆ ಹೊರಟಿತ್ತು.

“ದಾರಿ ತಪ್ಪಿರಲಿಲ್ಲ” ಅಂದೆ.

ಅಲೆಯೊಂದು ಬಂಡೆಗೆ ಹೊಡೆದು ಮಾತನ್ನು ಒಯ್ದಿತು. ಅಪ್ಪ ಕಿವಿಗೆ ಕೈ ಹಿಡಿದು ನನ್ನ ಕಡೆ ಬಾಗಿದರು. “ಏನಂದೆ?”

ಎದ್ದು ನಿಂತೆ. ಮೂವರೂ ತಲೆಯೆತ್ತಿ ನೋಡಿದರು.

“ದಾರಿ ತಪ್ಪಿರಲಿಲ್ಲ ಅಪ್ಪಾ. ನಾನೇ ನೇರ ಬಂದೆ. ಈ ದಿನ ನನಗೆ ಬೇಕಾಗಿತ್ತು.”